ಆಫೀಸಿಗೆ ಹತ್ತಿರದ ಇಕ್ಕಟ್ಟಿನ ಮನೆಯೋ, ದೂರದ ವಿಶಾಲವಾದ ಮನೆಯೋ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ. ಒಂದು ಮನೆಯಿಂದ ಆಫೀಸಿಗೆ 25 ನಿಮಿಷ. ಮನೆ ಚಿಕ್ಕದು, ಗಲಾಟೆ ಜಾಸ್ತಿ, ಆದರೆ ಬೇಕಾದ್ದೆಲ್ಲ ನಡೆದು ಹೋಗುವಷ್ಟು ದೂರದಲ್ಲೇ ಇದೆ. ಇನ್ನೊಂದು ಮನೆ ಊರಂಚಿನ ಬಡಾವಣೆಯಲ್ಲಿ. ಅಲ್ಲಿಂದ ಒಂದು ಕಡೆಗೇ 65 ನಿಮಿಷ. ಒಂದು ಕೋಣೆ ಹೆಚ್ಚಿಗೆ ಸಿಗುತ್ತದೆ, ಎದುರಿಗೆ ಪಾರ್ಕ್ ಇದೆ, ಗಾಳಿ ಬೆಳಕು ಚೆನ್ನಾಗಿದೆ. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುತ್ತೀರಿ, ಒಂದು ಮಗುವಿದೆ. ಎರಡು ಮನೆಗೂ ತಿಂಗಳ ಖರ್ಚು ಹೆಚ್ಚುಕಡಿಮೆ ಒಂದೇ. ಯಾವುದಕ್ಕೆ ಹೋಗೋದು?

ವಾರಕ್ಕೆ ನಾಲ್ಕೈದು ದಿನ ಹೋಗಲೇಬೇಕು ಅಂತಾದರೆ ನಾನು ಹತ್ತಿರದ ಮನೆಯನ್ನೇ ಆರಿಸುತ್ತೇನೆ. ಎರಡೇ ದಿನ ಹೋದರೆ ಸಾಕು, ಅದೂ ಕೂತು ಹೋಗುವಂಥ ರೈಲು ಇದೆ ಅಂದರೆ ದೂರದ ಮನೆ. ನಾನು ಎರಡೂ ಥರದ ಜಾಗಗಳಲ್ಲಿ ಇದ್ದು ನೋಡಿದ್ದೇನೆ, ಎರಡರಲ್ಲೂ ಸುಖವಾಗಿಯೇ ಇದ್ದೆ. ಹಾಗಾಗಿ ಈ ಕಡೆಯವರೋ ಆ ಕಡೆಯವರೋ ಅನ್ನುವ ವಾದ ನನಗೆ ಬೇಡ. ಆದರೆ ಹೆಚ್ಚಿನವರು ಈ ತೂಕ ಹಾಕುವಾಗ ತಕ್ಕಡಿಯಲ್ಲಿ ತಪ್ಪು ಸಾಮಾನು ಇಡುತ್ತಾರೆ ಅಂತ ನನಗೆ ಅನ್ನಿಸಿದೆ.

ಮೊದಲು ಬರೀ ಲೆಕ್ಕ. ಒಂದು ಕಡೆಗೆ 40 ನಿಮಿಷ ಹೆಚ್ಚು ಅಂದರೆ ದಿನಕ್ಕೆ 80 ನಿಮಿಷ. ವರ್ಷಕ್ಕೆ 220 ದಿನ ಕೆಲಸ ಅಂತ ಹಿಡಿದರೆ 293 ಗಂಟೆ. ಎಂಟು ಗಂಟೆಯ ಕೆಲಸದ ದಿನಗಳಾಗಿ ನೋಡಿದರೆ 36 ದಿನಕ್ಕಿಂತ ಜಾಸ್ತಿ. ಇಬ್ಬರೂ ಅದೇ ದಿಕ್ಕಿಗೆ ಓಡಾಡುವವರಾದರೆ ಇದರ ಎರಡರಷ್ಟು. ಆದರೆ ಅದೇ ದೂರದ ಮನೆಯಿಂದ ವಾರಕ್ಕೆ ಎರಡೇ ದಿನ ಹೋಗುವವರ ಲೆಕ್ಕ ನೋಡಿ: ನಾಲ್ಕು ಸಲ 65 ನಿಮಿಷ, ಅಂದರೆ 260 ನಿಮಿಷ. ಹತ್ತಿರದ ಮನೆಯಿಂದ ಐದು ದಿನ ಹೋದರೆ 250 ನಿಮಿಷ. ಬಹುತೇಕ ಸಮ! ಅದಕ್ಕೇ "ಒಂದು ಕಡೆಗೆ ಎಷ್ಟು ನಿಮಿಷ" ಅನ್ನುವ ಪ್ರಶ್ನೆ ಬಿಟ್ಟುಬಿಡಿ. ವಾರಕ್ಕೆ ಒಟ್ಟು ಎಷ್ಟು ಅಂತ ಕೇಳಿ. ಮನೆಯಿಂದಲೇ ಕೆಲಸ ಮಾಡುವ ಸವಲತ್ತು ಆಫೀಸಿನವರು ಬಾಯಿಮಾತಲ್ಲಿ ಕೊಟ್ಟಿದ್ದೋ, ಕಾಗದದಲ್ಲಿ ಇರುವುದೋ ಅನ್ನೋದನ್ನೂ ನೋಡಿಕೊಳ್ಳಿ. ಬಾಯಿಮಾತಿನ ಸವಲತ್ತನ್ನು ನಂಬಿ ಇಪ್ಪತ್ತು ವರ್ಷದ ಸಾಲ ಮಾಡಬೇಡಿ.

ಈಗ ತಕ್ಕಡಿಯ ಇನ್ನೊಂದು ತಟ್ಟೆ. ದೂರದ ಮನೆಯಲ್ಲಿ ಸಿಗುವ ಒಳ್ಳೆಯ ಬದುಕಿನ ಪಟ್ಟಿ ಬರೆಯಿರಿ. ಪಾರ್ಕ್, ಹೆಚ್ಚಿನ ಕೋಣೆ, ಬಾಲ್ಕನಿ, ಗಿಡ ಬೆಳೆಸಲು ಜಾಗ, ಮೌನ. ಆಮೇಲೆ ಒಂದೊಂದರ ಮುಂದೆಯೂ ಬರೆಯಿರಿ: ಒಂದು ಮಾಮೂಲಿ ಮಂಗಳವಾರ ಇದು ನನಗೆ ಎಷ್ಟು ಹೊತ್ತು ಸಿಗುತ್ತದೆ? ಭಾನುವಾರದ ಲೆಕ್ಕ ಬೇಡ. ಮನೆ ನೋಡಲು ನಾವು ಹೋಗುವುದೇ ಭಾನುವಾರ, ಆರಾಮಾಗಿ, ಹಗಲು ಹೊತ್ತಲ್ಲಿ. ಪಾರ್ಕಿನಲ್ಲಿ ಮಕ್ಕಳು ಆಡುತ್ತಿರುತ್ತಾರೆ, ರಸ್ತೆ ಖಾಲಿ ಇರುತ್ತದೆ, ಮನಸ್ಸು ಅಲ್ಲೇ ಕೂತುಬಿಡುತ್ತದೆ. ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟು ಸಂಜೆ ಏಳೂವರೆಗೆ ಬರುವವರಿಗೆ ಆ ಪಾರ್ಕ್ ಸಿಗುವುದು ಕತ್ತಲಾದ ಮೇಲೆ. ಹೆಚ್ಚಿನ ಕೋಣೆ ನೆಂಟರಿಗೆ ಅಂತ ಇಟ್ಟುಕೊಂಡಿದ್ದರೆ, ನೆಂಟರು ವರ್ಷಕ್ಕೆ ಎಷ್ಟು ರಾತ್ರಿ ಉಳಿಯುತ್ತಾರೆ ಅಂತ ಎಣಿಸಿ. ಅವರು ಬರದ ರಾತ್ರಿಗಳಿಗೂ ನೀವು ದಿನಾ ರಸ್ತೆಯಲ್ಲಿ ಬೆಲೆ ತೆರುತ್ತಿರುತ್ತೀರಿ.

ಅದೇ ಕೋಣೆಯಲ್ಲಿ ನೀವು ವಾರಕ್ಕೆ ಮೂರು ದಿನ ಬಾಗಿಲು ಹಾಕಿಕೊಂಡು ಕೆಲಸ ಮಾಡುವುದಾದರೆ ಮಾತೇ ಬೇರೆ. ರಾತ್ರಿಯ ಮೌನವೂ ಹಾಗೇ. ನಿದ್ದೆ ಸೂಕ್ಷ್ಮ ಇರುವವರಿಗೆ ಅದು ಮಂಗಳವಾರವೂ ಸಿಗುತ್ತದೆ, ಬುಧವಾರವೂ ಸಿಗುತ್ತದೆ. ಪಟ್ಟಿಯಲ್ಲಿ ಇಂಥವು ಎಷ್ಟಿವೆ ಅನ್ನೋದೇ ಮುಖ್ಯ.

ಇದು ಬರೀ ನನ್ನ ಊಹೆ ಅಂತ ತಿಳಿಯಬೇಡಿ. ಬ್ರೂನೊ ಫ್ರೈ ಮತ್ತು ಅಲೋಯಿಸ್ ಸ್ಟುಟ್ಸರ್ ಎಂಬ ಇಬ್ಬರು ಸ್ವಿಸ್ ಅರ್ಥಶಾಸ್ತ್ರಜ್ಞರು ಜರ್ಮನಿಯ ಸಾವಿರಾರು ಕುಟುಂಬಗಳ ಹಲವು ವರ್ಷಗಳ ಸಮೀಕ್ಷೆ ಹಿಡಿದು ಇದನ್ನೇ ನೋಡಿದರು. ಅರ್ಥಶಾಸ್ತ್ರದ ಪುಸ್ತಕದ ಪ್ರಕಾರ, ದೂರ ಓಡಾಡುವವರಿಗೆ ಆ ಕಷ್ಟಕ್ಕೆ ಸರಿಯಾಗಿ ಒಳ್ಳೆಯ ಮನೆಯೋ ಹೆಚ್ಚಿನ ಸಂಬಳವೋ ಸಿಕ್ಕಿರಬೇಕು. ಹಾಗಾಗಿ ಅವರೂ ಬೇರೆಯವರಷ್ಟೇ ತೃಪ್ತಿಯಿಂದ ಇರಬೇಕು. ಹಾಗಿರಲಿಲ್ಲ. ಓಡಾಟ ಹೆಚ್ಚಿದಷ್ಟೂ ಬದುಕಿನ ಬಗ್ಗೆ ತೃಪ್ತಿ ಕಡಿಮೆ ಅಂತಲೇ ಬಂತು. 2008ರಲ್ಲಿ ಪ್ರಕಟವಾದ ಅವರ ಈ ಕೆಲಸ ಆಮೇಲೆ ತುಂಬಾ ಚರ್ಚೆಯಾಯಿತು, ಎಲ್ಲ ಕಡೆಯೂ ಇದೇ ಉತ್ತರ ಬರುತ್ತದೆ ಅಂತ ಹೇಳೋಕಾಗಲ್ಲ. ಇದಕ್ಕೂ ಮೊದಲು, 2004ರಲ್ಲಿ, ಮನಶ್ಶಾಸ್ತ್ರಜ್ಞ ಡೇನಿಯಲ್ ಕಾನೆಮನ್ ಮತ್ತು ಜೊತೆಗಾರರು ಟೆಕ್ಸಸ್‌ನ 909 ಉದ್ಯೋಗಸ್ಥ ಮಹಿಳೆಯರಿಗೆ ಹಿಂದಿನ ದಿನದ ಒಂದೊಂದು ಚಟುವಟಿಕೆಯಲ್ಲೂ ಮನಸ್ಸು ಹೇಗಿತ್ತು ಅಂತ ಕೇಳಿದ್ದರು. ಬೆಳಗಿನ ಪ್ರಯಾಣ ಪಟ್ಟಿಯ ತೀರಾ ಕೆಳಗಿತ್ತು.

ನನಗೆ ತೋಚುವ ಕಾರಣ ಸರಳ. ದೊಡ್ಡ ಮನೆ ದಿನಾ ಒಂದೇ ಥರ ಇರುತ್ತದೆ, ಹಾಗಾಗಿ ಕೆಲವೇ ತಿಂಗಳಲ್ಲಿ ಕಣ್ಣಿಗೆ ರೂಢಿಯಾಗಿಬಿಡುತ್ತದೆ. ಟ್ರಾಫಿಕ್ ಒಂದೊಂದು ದಿನ ಒಂದೊಂದು ಥರ. ಅದಕ್ಕೆ ಒಗ್ಗಿಕೊಳ್ಳಲು ಮನಸ್ಸಿಗೆ ಆಗುವುದೇ ಇಲ್ಲ.

ಇಲ್ಲಿಂದ ಮುಂದಿನದ್ದೇ ನನ್ನ ಪ್ರಕಾರ ಅಸಲು ವಿಷಯ. ನಿಮಿಷಗಳೆಲ್ಲ ಒಂದೇ ಅಲ್ಲ. ನೀವು ಬರೆದ 65 ನಿಮಿಷ ಸರಾಸರಿಯೇ? ಹಾಗಾದರೆ ಅದು ನಿಮ್ಮ ಕೆಲಸಕ್ಕೆ ಬಾರದ ಸಂಖ್ಯೆ. ಸರಾಸರಿ ನಂಬಿ ಹೊರಟರೆ ಹೆಚ್ಚುಕಡಿಮೆ ಅರ್ಧದಷ್ಟು ದಿನ ತಡವಾಗಿಯೇ ಮುಟ್ಟುತ್ತೀರಿ. ಸಾರಿಗೆ ಎಂಜಿನಿಯರುಗಳು ಇದಕ್ಕೆ ಬೇರೆ ಅಳತೆ ಇಟ್ಟುಕೊಂಡಿದ್ದಾರೆ: 20 ದಿನದಲ್ಲಿ 19 ದಿನ ಸರಿಯಾದ ಹೊತ್ತಿಗೆ ಮುಟ್ಟಬೇಕಾದರೆ ಎಷ್ಟು ಮುಂಚೆ ಹೊರಡಬೇಕು? ಸರಾಸರಿ 65 ಇರುವ ರಸ್ತೆಯಲ್ಲಿ ಇದು 90 ಆಗಿರಬಹುದು. ಹಾಗಿದ್ದರೆ ನಿಮ್ಮ ಅಲಾರಂ ಇಡಬೇಕಾದ್ದು 90ಕ್ಕೆ. ಬೇಗ ಮುಟ್ಟಿದ ದಿನ ಉಳಿದ 25 ನಿಮಿಷ ಆಫೀಸಿನಲ್ಲೇ ಕಳೆಯುತ್ತದೆ, ಮನೆಗೆ ವಾಪಸ್ ಬರಲ್ಲ. ಹತ್ತಿರದ ಮನೆಯ 25 ನಿಮಿಷವೂ ಕೆಲವು ದಿನ 40 ಆಗುತ್ತದೆ. ಆದರೆ ಆ ಏರುಪೇರಿನಲ್ಲಿ ದಿನವೇ ಹಾಳಾಗುವುದಿಲ್ಲ ಅಲ್ವಾ?

ಬಸ್ಸೋ ರೈಲೋ ಆದರೆ ಇನ್ನೂ ಒಂದು ಸಂಗತಿ. ಪ್ರಯಾಣದ ಯೋಜನೆ ಮಾಡುವವರು ಕಾಯುವ ಒಂದು ನಿಮಿಷವನ್ನು ಗಾಡಿಯೊಳಗಿನ ಸುಮಾರು ಎರಡು ನಿಮಿಷಕ್ಕೆ ಸಮ ಅಂತ ಲೆಕ್ಕ ಹಾಕುತ್ತಾರೆ. ಜನರಿಗೆ ಕಾಯೋದು ಅಷ್ಟು ಬೇಜಾರು. ಗಾಡಿ ಬದಲಿಸಬೇಕಾದರೆ ಅದರ ಮೇಲೆ ಇನ್ನಷ್ಟು ನಿಮಿಷ ಸೇರಿಸುತ್ತಾರೆ. ಹತ್ತು ನಿಮಿಷಕ್ಕೊಂದು ಗಾಡಿ ಇದ್ದರೆ, ವೇಳಾಪಟ್ಟಿ ನೋಡದೆ ಹೋದವರು ಸರಾಸರಿ ಐದು ನಿಮಿಷ ಕಾಯುತ್ತಾರೆ. ಅರ್ಧ ಗಂಟೆಗೊಂದು ಇದ್ದರೆ ಇಡೀ ಬದುಕು ವೇಳಾಪಟ್ಟಿಗೆ ಕಟ್ಟಿಹೋಗುತ್ತದೆ. ಮೀಟಿಂಗ್ ಐದು ನಿಮಿಷ ಎಳೆದರೆ ಅರ್ಧ ಗಂಟೆ ಹೋಯಿತು. ಹೀಗಾಗಿ ಎಲ್ಲೂ ಇಳಿಯದೆ, ಕೂತು, ಪುಸ್ತಕ ಹಿಡಿದು ಹೋಗುವ 50 ನಿಮಿಷ ಒಂದು ಕಡೆ, ಎರಡು ಬಸ್ ಬದಲಿಸಿ ನಿಂತು ಹೋಗುವ 40 ನಿಮಿಷ ಇನ್ನೊಂದು ಕಡೆ ಇಟ್ಟರೆ ನಾನು ಕಣ್ಣು ಮುಚ್ಚಿ 50 ಅನ್ನುತ್ತೇನೆ. ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ 2014ರಲ್ಲಿ ಬಂದ ಒಂದು ಅಧ್ಯಯನದಲ್ಲೂ ನಡೆದು ಹೋಗುವವರು, ಸೈಕಲ್ಲಿನವರು ಮತ್ತು ರೈಲಿನವರು ತಮ್ಮ ಪ್ರಯಾಣದ ಬಗ್ಗೆ ಕಾರು, ಮೆಟ್ರೊ, ಬಸ್ಸಿನವರಿಗಿಂತ ಹೆಚ್ಚು ಖುಷಿಯಾಗಿದ್ದರು.

ಕಾರು ಓಡಿಸುವವರು ಮರೆಯುವ ಒಂದು ಸಣ್ಣ ವಿಷಯ ಹೇಳಿಬಿಡುತ್ತೇನೆ. ಮನೆ ಆಫೀಸಿನ ಪಶ್ಚಿಮಕ್ಕಿದ್ದರೆ ಬೆಳಿಗ್ಗೆ ಹೋಗುವಾಗಲೂ ಸಂಜೆ ಬರುವಾಗಲೂ ಬಿಸಿಲು ನೇರ ಕಣ್ಣಿಗೆ. ಪೂರ್ವಕ್ಕಿದ್ದರೆ ಎರಡು ಹೊತ್ತೂ ಬೆನ್ನಿಗೆ. ಕ್ಷುಲ್ಲಕ ಅನ್ನಿಸಬಹುದು, ದಿನಾ ಓಡಿಸಿ ನೋಡಿ ಗೊತ್ತಾಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಜನರ ಹರಿವಿಗೆ ಎದುರು ದಿಕ್ಕಿನಲ್ಲಿ ಹೋಗುವವರಿಗಿದೆ. ಎಲ್ಲರೂ ಊರೊಳಗೆ ನುಗ್ಗುವಾಗ ನಿಮ್ಮ ಆಫೀಸು ಹೊರಗಿದ್ದರೆ, ಅದೇ ದೂರ ಅರ್ಧ ಹೊತ್ತಲ್ಲಿ ಮುಗಿದರೂ ಆಶ್ಚರ್ಯವಿಲ್ಲ.

ಹಾಗಂತ ಆಫೀಸಿನ ಪಕ್ಕದಲ್ಲೇ ಮನೆ ಇರಲಿ ಅಂತಲೂ ನಾನು ಹೇಳುತ್ತಿಲ್ಲ. ಕ್ಯಾಲಿಫೋರ್ನಿಯಾದ ಸಂಶೋಧಕರು 2001ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಸುತ್ತಮುತ್ತಲಿನ ಕೆಲಸಗಾರರನ್ನು "ನಿಮಗೆ ಎಷ್ಟು ಪ್ರಯಾಣ ಇದ್ದರೆ ಚೆನ್ನ" ಅಂತ ಕೇಳಿದಾಗ ಸರಾಸರಿ ಉತ್ತರ 16 ನಿಮಿಷ ಬಂತು. ಸೊನ್ನೆ ಅಂದವರು ಬಹಳ ಕಡಿಮೆ. ಕೆಲಸದ ತಲೆ ಇಳಿಸಿ ಮನೆಯ ತಲೆ ಹಾಕಿಕೊಳ್ಳಲು ಸ್ವಲ್ಪ ದಾರಿ ಬೇಕು. ನಿಮ್ಮ 25 ನಿಮಿಷ ಅದಕ್ಕೆ ಸಾಕಾಗಿ ಮಿಗುತ್ತದೆ.

"ಎರಡು ವರ್ಷದಲ್ಲಿ ಹೊಸ ಅಗಲದ ರಸ್ತೆ ಬರುತ್ತೆ, ಆಗ 65 ಹೋಗಿ 40 ಆಗುತ್ತೆ" ಅಂತ ಮಾರುವವರು ಹೇಳಿದ್ದಾರೆ ಅಂತ ಬರೆದಿದ್ದೀರಿ. ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಗಿಲ್ ಡ್ಯುರಾಂಟನ್ ಮತ್ತು ಮ್ಯಾಥ್ಯೂ ಟರ್ನರ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ನಗರಗಳ ಅಂಕಿಅಂಶ ನೋಡಿ ತೋರಿಸಿದ್ದು ಇದನ್ನೇ: ನಗರದ ಹೆದ್ದಾರಿ ಎಷ್ಟು ಪಾಲು ಹೆಚ್ಚುತ್ತದೋ, ಅಲ್ಲಿ ಗಾಡಿಗಳ ಓಡಾಟವೂ ಹೆಚ್ಚುಕಡಿಮೆ ಅಷ್ಟೇ ಪಾಲು ಹೆಚ್ಚುತ್ತದೆ. ರಸ್ತೆ ಬಂತು ಅಂತ ನಿಮ್ಮಂತೆಯೇ ಇನ್ನೂ ಸಾವಿರ ಜನ ಅಲ್ಲಿಗೆ ಬರುತ್ತಾರೆ. ರೈಲು ಬರುತ್ತದೆ ಅನ್ನುವ ಮಾತಾದರೆ ಸ್ವಲ್ಪ ಕಿವಿಗೊಡಬಹುದು, ಹಳಿ ಕಣ್ಣಿಗೆ ಕಂಡ ಮೇಲೆ.

ಇನ್ನು ಮನೆಯೊಳಗಿನ ಮಾತು. ನೀವಿಬ್ಬರೂ ಕೆಲಸ ಮಾಡುವವರು, ಆದರೆ ಪ್ರಶ್ನೆಯಲ್ಲಿ ಒಬ್ಬರ ಆಫೀಸಿನ ದೂರ ಮಾತ್ರ ಇದೆ. ಸ್ವೀಡನ್ನಿನ ಉಮಿಯೊ ವಿಶ್ವವಿದ್ಯಾಲಯದ ಎರಿಕಾ ಸ್ಯಾಂಡೊ ಅಲ್ಲಿನ ದಂಪತಿಗಳ ದಾಖಲೆ ನೋಡಿ, ದೂರ ಓಡಾಡುವವರಿರುವ ಸಂಸಾರಗಳಲ್ಲಿ ಬೇರೆಯಾಗುವ ಸಾಧ್ಯತೆ ಸುಮಾರು 40 ಶೇಕಡಾ ಹೆಚ್ಚು ಅಂತ ಕಂಡುಕೊಂಡಿದ್ದರು. ಹೆದರಿಸೋಕೆ ಹೇಳುತ್ತಿಲ್ಲ. ಓಡಾಟವೇ ಅದಕ್ಕೆ ಕಾರಣ ಅಂತಲೂ ಅಲ್ಲ. ಆದರೆ ಒಬ್ಬರು ರಸ್ತೆಯಲ್ಲಿದ್ದಾಗ ಮಗುವಿಗೆ ಜ್ವರ ಬಂದು ಶಾಲೆಯಿಂದ ಫೋನ್ ಬಂದರೆ ಯಾರು ಓಡುತ್ತಾರೆ? ಪ್ರತಿ ಸಲವೂ ಹತ್ತಿರದಲ್ಲಿ ಕೆಲಸ ಇರುವವರೇ ಓಡಬೇಕಾಗುತ್ತದೆ. ಮೀಟಿಂಗ್ ಬಿಡುವವರೂ ಅವರೇ, ಪ್ರಮೋಷನ್ ಕಳೆದುಕೊಳ್ಳುವವರೂ ಅವರೇ. ಇದನ್ನು ಮನೆ ನೋಡುವ ಮುಂಚೆಯೇ ಕೂತು ಮಾತಾಡಿಕೊಂಡರೆ ಒಳ್ಳೆಯದು.

ಕೆಲಸ ಬದಲಾಗುತ್ತದೆ ಅನ್ನುವುದನ್ನೂ ಮರೆಯಬೇಡಿ. ಇವತ್ತಿನ ಆಫೀಸಿಗೆ ಹತ್ತಿರ ಅಂತ ಮನೆ ಕೊಂಡು, ಮುಂದಿನ ಕೆಲಸ ಊರಿನ ಆಚೆ ತುದಿಯಲ್ಲಿ ಸಿಕ್ಕರೆ? ಅದಕ್ಕೆ ಒಂದು ಆಫೀಸಿನಿಂದ ಅಳೆಯುವ ಬದಲು, ನಿಮ್ಮಿಬ್ಬರ ಥರದ ಕೆಲಸ ಸಿಗುವ ಮೂರು ನಾಲ್ಕು ಜಾಗಗಳಿಂದ ಅಳೆಯಿರಿ. ನಡುವಿನ ಹಳೆಯ ಬಡಾವಣೆಗಳು ಈ ಪರೀಕ್ಷೆಯಲ್ಲಿ ಚೆನ್ನಾಗಿ ಪಾಸಾಗುತ್ತವೆ. ಅಂಚಿನ ಬಡಾವಣೆ ಒಂದು ದಿಕ್ಕಿಗೆ ಮಾತ್ರ ಹತ್ತಿರ, ಉಳಿದ ಎಲ್ಲ ದಿಕ್ಕಿಗೂ ದೂರ.

ದೂರದ ಮನೆ ಸರಿ ಅನ್ನಿಸುವ ಸಂದರ್ಭಗಳೂ ಇವೆ. ಪಾಳಿ ಕೆಲಸ ಇದ್ದು ಜನ ಓಡಾಡದ ಹೊತ್ತಲ್ಲಿ ಹೋಗಿಬರುವವರು. ಅಪ್ಪ ಅಮ್ಮ ಅದೇ ಬಡಾವಣೆಯಲ್ಲಿ ಇರುವವರು. ಗಿಡ, ನಾಯಿ, ಸಂಗೀತಾಭ್ಯಾಸ ಅಂತ ದಿನಾ ಜಾಗ ಬೇಕೇ ಬೇಕು ಅನ್ನುವವರು. ಹೊಗೆ, ಧೂಳಿನಿಂದ ಮಗುವಿಗೆ ಉಸಿರಾಟದ ತೊಂದರೆ ಇದ್ದರೆ ನನ್ನ ಲೆಕ್ಕವೆಲ್ಲ ಪಕ್ಕಕ್ಕಿಡಿ.

ಇನ್ನೂ ಮನಸ್ಸು ಎರಡಾಗಿದ್ದರೆ, ಕೊಳ್ಳುವ ಮುಂಚೆ ದೂರದ ಬಡಾವಣೆಯಲ್ಲಿ ಕೆಲವು ತಿಂಗಳು ಬಾಡಿಗೆಗೆ ಇದ್ದು ನೋಡಿ. ಅದು ಆಗದಿದ್ದರೆ ಒಂದು ಪೂರ್ತಿ ವಾರ ಬೆಳಿಗ್ಗೆ ಅಲ್ಲಿಗೆ ಹೋಗಿ, ಅಲ್ಲಿಂದ ಆಫೀಸಿಗೆ ಹೊರಡಿ. ಸಂಜೆ ಅಲ್ಲಿಗೇ ವಾಪಸ್ ಬನ್ನಿ. ಮ್ಯಾಪಿನಲ್ಲಿ ರಾತ್ರಿ ಹತ್ತಕ್ಕೆ ನೋಡಿದ ಸಮಯ ಪ್ರಯೋಜನವಿಲ್ಲ, ಹೊರಡುವ ದಿನ ಮತ್ತು ಗಂಟೆ ಹಾಕಿ ನೋಡಿ. ಸಂಜೆಯದ್ದನ್ನು ಬೇರೆಯಾಗಿ ನೋಡಿ, ಎಷ್ಟೋ ಕಡೆ ಅದೇ ಹೆಚ್ಚು ಕಷ್ಟ. ಮಳೆ ಬಂದ ದಿನ ತಪ್ಪಿಸಬೇಡಿ.

ಒಂದು ವಿಷಯ ನೀವು ಬರೆದಿಲ್ಲ. ಮಗುವಿನ ಶಾಲೆ ಯಾವ ಮನೆಯ ಕಡೆಗಿದೆ? ದೂರದ ಬಡಾವಣೆಯಲ್ಲೇ ಇದ್ದು, ನಿಮ್ಮಲ್ಲಿ ಒಬ್ಬರು ಹೆಚ್ಚಿನ ದಿನ ಮನೆಯಿಂದಲೇ ಕೆಲಸ ಮಾಡುವವರಾದರೆ ಮೇಲೆ ಹೇಳಿದ ನನ್ನ ಉತ್ತರ ಬದಲಾಗಬಹುದು. ಅದನ್ನೂ, ನಿಮ್ಮ ಮನೆಯವರ ಆಫೀಸ್ ಯಾವ ದಿಕ್ಕಿಗಿದೆ ಅನ್ನೋದನ್ನೂ ತಿಳಿಸಿ.