ಊರ ಶಾಲೆಗೆ ಟ್ಯಾಬ್ ಕೊಡಿಸಬೇಕೆಂದಿದ್ದೇವೆ, ಮಕ್ಕಳು ಅದರಿಂದ ನಿಜಕ್ಕೂ ಕಲಿಯುತ್ತಾರಾ?

ಹಳೆ ವಿದ್ಯಾರ್ಥಿಗಳೆಲ್ಲ ಸೇರಿ ಎರಡು ಲಕ್ಷ ಕೂಡಿಸಿದ್ದೀರಿ, ಇಪ್ಪತ್ತು ಟ್ಯಾಬ್ ಕೊಳ್ಳೋಣವಾ ಅಂತ ಕೇಳಿದ್ದೀರಿ. ನಮ್ಮಂಥ ದೇಶಗಳಲ್ಲಿ ಇದು ಎಲ್ಲಾದರೂ ಕೈಹಿಡಿದಿದೆಯಾ ಅನ್ನೋದು ನಿಮ್ಮ ಎರಡನೇ ಪ್ರಶ್ನೆ. ನಾನು ಹಾವೇರಿ ಜಿಲ್ಲೆಯ ಸರಕಾರಿ ಶಾಲೆಯೊಂದರಲ್ಲಿ ನಾಲ್ಕು, ಐದನೇ ತರಗತಿಗೆ ಪಾಠ ಮಾಡುವವಳು. ಈಗಲೇ ಕೊಳ್ಳಬೇಡಿ ಅನ್ನೋದು ನನ್ನ ಉತ್ತರ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಎರಡನೇ ಪ್ರಶ್ನೆಯಿಂದಲೇ ಶುರು ಮಾಡ್ತೀನಿ. 'ಮಗುವಿಗೊಂದು ಲ್ಯಾಪ್‌ಟಾಪ್' ಅನ್ನೋ ಯೋಜನೆ ನೆನಪಿದೆಯಾ? ಅದರ ರೂವಾರಿ, ಅಮೆರಿಕದ ಕಂಪ್ಯೂಟರ್ ತಜ್ಞ ನಿಕೋಲಸ್ ನೆಗ್ರೊಪಾಂಟೆ 2005ರಲ್ಲಿ ನೂರು ಡಾಲರಿನ ಲ್ಯಾಪ್‌ಟಾಪ್ ಮಾಡ್ತೀವಿ ಅಂತ ಸಾರಿದರು. ಬೆಲೆ ನೂರಕ್ಕೆ ಇಳಿಯಲೇ ಇಲ್ಲ. ಆದರೂ ಪೆರು ದೇಶ ಎಂಟು ಲಕ್ಷಕ್ಕೂ ಹೆಚ್ಚು ಕೊಂಡಿತು. ಅಲ್ಲಿಯ 319 ಹಳ್ಳಿ ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನ 2012ರಲ್ಲಿ ಹೊರಬಂತು. ಲ್ಯಾಪ್‌ಟಾಪ್ ಸಿಕ್ಕ ಮಕ್ಕಳು ಅದನ್ನು ಚೆನ್ನಾಗಿ ಬಳಸಲು ಕಲಿತಿದ್ದರು. ಆದರೆ ಗಣಿತ, ಭಾಷೆ ಎರಡರಲ್ಲೂ ಸಿಗದವರಿಗಿಂತ ಮುಂದೆ ಹೋಗಿದ್ದರು ಅನ್ನೋಕೆ ಪುರಾವೆ ಸಿಗಲಿಲ್ಲ. ಬಹುತೇಕ ಶಾಲೆಗಳಲ್ಲಿ ಇಂಟರ್ನೆಟ್ ಇರಲಿಲ್ಲ, ಮೇಷ್ಟ್ರುಗಳ ಪಾಠವೂ ಬದಲಾಗಿರಲಿಲ್ಲ. ಯಂತ್ರ ಬಂತು, ಉಳಿದದ್ದೆಲ್ಲ ಹಾಗೇ ಇತ್ತು.

ಇನ್ನು ನಮ್ಮ ಕಡೆಯ ಮಾತು. 2020ರಲ್ಲಿ ಶಾಲೆ ಮುಚ್ಚಿದಾಗ ಚಂದನದಲ್ಲಿ ಬಂದ ಸಂವೇದ ಪಾಠಗಳು ಶುರುವಿಗೆ 8ರಿಂದ 10ನೇ ತರಗತಿಯವರಿಗೆ ಮಾತ್ರ, ನನ್ನ ಮಕ್ಕಳಿಗಲ್ಲ. ಆಗಸ್ಟಿನಲ್ಲಿ, ಶಿಕ್ಷಕರೇ ಮಕ್ಕಳಿರುವಲ್ಲಿಗೆ ಹೋಗಿ ಕಲಿಸುವ ವಿದ್ಯಾಗಮ ಯೋಜನೆ ಬಂದಾಗ ಮಕ್ಕಳನ್ನು ಮೂರು ಗುಂಪು ಮಾಡಿ ಅಂದರು: ಸ್ಮಾರ್ಟ್‌ಫೋನ್ ಇರುವವರು, ಬರೀ ಕೀಪ್ಯಾಡ್ ಸೆಟ್ ಇರುವವರು, ಏನೂ ಇಲ್ಲದವರು. ಪಟ್ಟಿ ಬರೆದುಕೊಂಡು ಓಣಿ ಓಣಿ ತಿರುಗಿದೆ. ಒಂದು ಮನೆಯಲ್ಲಿ 'ಸ್ಮಾರ್ಟ್‌ಫೋನ್ ಐತಿ' ಅಂತ ಬರೆದುಕೊಂಡು ಹೊಸ್ತಿಲು ದಾಟುವಷ್ಟರಲ್ಲಿ ಹುಡುಗ ಹಿಂದಿನಿಂದ ಕೂಗಿದ: "ಅಕ್ಕೋರ, ಫೋನ್ ಅಪ್ಪನ ಹತ್ರ ಇರ್ತೈತ್ರಿ. ಅಪ್ಪ ಹೊಲದಾಗ ಇರ್ತಾನ್ರಿ." ನನ್ನ ಪಟ್ಟಿಯಲ್ಲಿ ಅದಕ್ಕೊಂದು ಕಾಲಂ ಇರಲಿಲ್ಲ. ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಹಳ್ಳಿ ಮಕ್ಕಳ ಓದಿನ ಬಗ್ಗೆ ದೇಶದಾದ್ಯಂತ ಸಮೀಕ್ಷೆ ಮಾಡುವ ಅಸರ್‌ನ 2021ರ ವರದಿ ತೆಗೆದು ನೋಡಿ, ದೇಶದ ಹಳ್ಳಿಗಾಡಿನಲ್ಲಿ ಸ್ಮಾರ್ಟ್‌ಫೋನ್ ಇರುವ ಮನೆಯ ಮಕ್ಕಳ ಪಾಲು 2018ರಲ್ಲಿದ್ದ ಶೇ. 36.5ರಿಂದ 67.6ಕ್ಕೆ ಏರಿತ್ತು. ಹಾಗೆ ಫೋನ್ ಇದ್ದ ಮನೆಗಳ ಮಕ್ಕಳಲ್ಲೇ ನಾಲ್ವರಲ್ಲಿ ಒಬ್ಬರ ಕೈಗೆ ಅದು ಸಿಗುತ್ತಲೇ ಇರಲಿಲ್ಲ.

ವಾಟ್ಸಾಪ್ ಗ್ರೂಪಿಗೆ ದಿನಾ ಒಂದು ವಿಡಿಯೋ ಹಾಕುತ್ತಿದ್ದೆ. ಯಾರು ನೋಡಿದರು, ಯಾರಿಗೆ ತಿಳಿಯಿತು, ಆ ದೇವರಿಗೇ ಗೊತ್ತು. ಗ್ರೂಪಿನಲ್ಲಿ ಬೆಳಿಗ್ಗೆ ಗುಲಾಬಿ ಹೂವಿನ ಗುಡ್ ಮಾರ್ನಿಂಗ್ ಮಾತ್ರ ತಪ್ಪುತ್ತಿರಲಿಲ್ಲ. ಬೇಸರ ಬಂದು ಒಂದು ಸಂಜೆ ಸುಮ್ಮನೆ ಫೋನ್ ಹಚ್ಚಿದೆ. ಕೀಪ್ಯಾಡ್ ಸೆಟ್ಟಿನ ಮನೆ. ತಾಯಿ ಎತ್ತಿದರು. ಮಗನಿಗೆ 52ರಲ್ಲಿ 27 ಕಳೆ ಅಂದೆ. 35 ಅಂದ. ಕ್ಲಾಸಿನಲ್ಲಾಗಿದ್ದರೆ ತಪ್ಪು ಅಂತ ಗೀಟು ಹಾಕಿ ಮುಂದಿನ ಪಾಟಿಗೆ ಹೋಗುತ್ತಿದ್ದೆ, ಮೂವತ್ತೆಂಟು ಮಕ್ಕಳು ನೋಡಿ. ಅವತ್ತು ಹೊತ್ತಿತ್ತು, ಹೆಂಗ ಮಾಡಿದಿ ಅಂತ ಕೇಳಿದೆ. "ಎರಡರಾಗ ಏಳು ಹೋಗಂಗಿಲ್ರಿ, ಅದಕ್ಕ ಏಳರಾಗ ಎರಡು ತಗದೆ."

ಎರಡು ವರ್ಷ ನನ್ನ ಕ್ಲಾಸಿನಲ್ಲೇ ಕೂತಿದ್ದ ಹುಡುಗ! ದಶಕ ತೆಗೆದುಕೊಳ್ಳುವುದು ಅವನಿಗೆ ಗೊತ್ತಿಲ್ಲ ಅನ್ನೋದು ನನಗೆ ಆ ಫೋನಿನಲ್ಲಿ ತಿಳಿಯಿತು. ಹತ್ತು ಬೆಂಕಿಕಡ್ಡಿಗೆ ಒಂದರಂತೆ ಐದು ಕಟ್ಟು ಕಟ್ಟಿಸಿದೆ, ಎರಡು ಬಿಡಿ ಕಡ್ಡಿ ಪಕ್ಕಕ್ಕೆ ಇಡಿಸಿದೆ, ಒಂದು ಕಟ್ಟು ಬಿಚ್ಚು ಅಂದೆ. ತಾಯಿ ಪಕ್ಕದಲ್ಲೇ ಕೂತು, "ನನಗ ಓದಾಕ ಬರಂಗಿಲ್ರಿ, ಆದ್ರ ಕಡ್ಡಿ ಎಣಸಾಕ ಬರ್ತೈತಿ" ಅಂತ ನಕ್ಕರು. ಇಪ್ಪತ್ತು ನಿಮಿಷ ಹಿಡಿಯಿತು. ಹೆಂಗ ಮಾಡಿದಿ ಅನ್ನೋ ಪ್ರಶ್ನೆಯನ್ನು ನಾನು ಹಾಕಿದ ಯಾವ ವಿಡಿಯೋ ಅವನಿಗೆ ಕೇಳುತ್ತಿತ್ತು?

ಇದನ್ನೇ ದೊಡ್ಡದಾಗಿ, ಲೆಕ್ಕಾಚಾರವಾಗಿ ಮಾಡಿದ್ದು ಆಫ್ರಿಕದ ಬೋಟ್ಸ್ವಾನ ಅನ್ನೋದು ಆಮೇಲೆ ಓದಿ ತಿಳಿಯಿತು. 2020ರಲ್ಲಿ ಅಲ್ಲಿಯೂ ಶಾಲೆ ಮುಚ್ಚಿತ್ತು. ಮೂರರಿಂದ ಐದನೇ ತರಗತಿ ಮಕ್ಕಳಿರುವ ಸುಮಾರು 4,500 ಮನೆಗಳನ್ನು ಚೀಟಿ ಎತ್ತಿದ ಹಾಗೆ ಗುಂಪು ಮಾಡಿದರು. ಕೆಲವರಿಗೆ ವಾರಕ್ಕೊಮ್ಮೆ ಬರೀ ಎಸ್ಸೆಮ್ಮೆಸ್ಸಿನಲ್ಲಿ ಲೆಕ್ಕ. ಕೆಲವರಿಗೆ ಎಸ್ಸೆಮ್ಮೆಸ್ ಜೊತೆ ಹದಿನೈದಿಪ್ಪತ್ತು ನಿಮಿಷದ ಒಂದು ಫೋನ್ ಕರೆ: ಅಪ್ಪನೋ ಅಮ್ಮನೋ ಸ್ಪೀಕರ್ ಹಾಕಿ ಮಗುವನ್ನು ಪಕ್ಕಕ್ಕೆ ಕೂರಿಸಿಕೊಳ್ಳಬೇಕು. ಉಳಿದವರಿಗೆ ಏನೂ ಇಲ್ಲ. ಬರೀ ಎಸ್ಸೆಮ್ಮೆಸ್ಸಿನಿಂದ ಹೇಳಿಕೊಳ್ಳುವಂಥ ಫಲ ಬರಲಿಲ್ಲ. ಕರೆ ಹೋದ ಮನೆಯ ಮಕ್ಕಳು ಲೆಕ್ಕದಲ್ಲಿ ಮುಂದೆ ಬಂದರು. ಮುಂದೆ ಇದನ್ನೇ ಭಾರತ, ಕೀನ್ಯಾ, ನೇಪಾಳ, ಫಿಲಿಪ್ಪೀನ್ಸ್, ಉಗಾಂಡಗಳಲ್ಲಿ 16,000ಕ್ಕೂ ಹೆಚ್ಚು ಮಕ್ಕಳ ಜೊತೆ ಮಾಡಿ ನೋಡಿದಾಗಲೂ ಫಲ ಸಿಕ್ಕಿತು. ನೇಪಾಳದಲ್ಲಿ ಸರಕಾರಿ ಶಿಕ್ಷಕರು ಮಾಡಿದ ಕರೆಗಳೂ ಚೆನ್ನಾಗಿ ಕೆಲಸ ಮಾಡಿದವು. ನಮ್ಮವರ ಬಗ್ಗೆ ಮೂಗು ಮುರಿಯುವವರು ಇದನ್ನು ಗಮನಿಸಬೇಕು!

ಹಾಗಂತ ಯಂತ್ರ ಕೆಲಸಕ್ಕೆ ಬಾರದ್ದು ಅಂತಲ್ಲ. ದೆಹಲಿಯಲ್ಲಿ 2015ರಲ್ಲಿ ಮೈಂಡ್‌ಸ್ಪಾರ್ಕ್ ಅನ್ನೋ ತಂತ್ರಾಂಶವನ್ನು ಶಾಲೆ ಬಿಟ್ಟ ಮೇಲಿನ ಕೇಂದ್ರಗಳಲ್ಲಿ 6ರಿಂದ 9ನೇ ತರಗತಿಯವರಿಗೆ ಕೊಟ್ಟು ನೋಡಿದರು. ನಾಲ್ಕೂವರೆ ತಿಂಗಳಲ್ಲಿ ಗಣಿತ, ಹಿಂದಿ ಎರಡೂ ಚೆನ್ನಾಗಿ ಸುಧಾರಿಸಿದವು. ಆರನೇ ತರಗತಿಯ ಸಾಧಾರಣ ಮಗು ಗಣಿತದಲ್ಲಿ ಎರಡೂವರೆ ತರಗತಿ ಹಿಂದಿದೆ ಅನ್ನೋದನ್ನು ಅದು ಮೊದಲು ಕಂಡುಕೊಂಡು, ಪಾಠವನ್ನು ಅಲ್ಲಿಂದ ಹಿಡಿಯುತ್ತಿತ್ತು. ಜೊತೆಗೆ ಸಣ್ಣ ಗುಂಪಿಗೆ ಪಾಠ ಹೇಳುವ ಒಬ್ಬ ಸಹಾಯಕರೂ ಇದ್ದರು. ಅಂಗಡಿಯಲ್ಲಿ ನಿಮಗೆ ಟ್ಯಾಬ್ ಮಾರುವವರು ತೋರಿಸೋದು ಹೆಚ್ಚಾಗಿ ಪಠ್ಯಪುಸ್ತಕದ ಪಿಡಿಎಫ್ಫು, ಬೊಂಬೆ ಹಾಡು. ಆ ಪುಸ್ತಕವನ್ನು ಸರಕಾರ ಪುಕ್ಕಟೆ ಕೊಟ್ಟೇ ಕೊಡುತ್ತೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಊರಲ್ಲೇ ಡಿಎಡ್ ಅಥವಾ ಡಿಗ್ರಿ ಮುಗಿಸಿ ಮನೆಯಲ್ಲಿರುವ ಇಬ್ಬರು ಹುಡುಗಿಯರನ್ನು ಹುಡುಕುತ್ತಿದ್ದೆ. ನಲವತ್ತು ಮಕ್ಕಳಿಗೆ ವಾರಕ್ಕೊಂದು ಇಪ್ಪತ್ತು ನಿಮಿಷದ ಕರೆ ಅಂದರೆ ಎಂಟುನೂರು ನಿಮಿಷ. ಇಬ್ಬರೂ ವಾರದಲ್ಲಿ ಐದು ಸಂಜೆ ಒಂದೂವರೆ ಗಂಟೆ ಕೂತರೆ ಮುಗಿಯುತ್ತೆ. ರೀಚಾರ್ಜು ಹಾಕಿಸಿ, ಗೌರವಧನ ಕೊಡಿ. ಎರಡು ಲಕ್ಷದಲ್ಲಿ ಒಂದು ಶಾಲಾ ವರ್ಷ ಆರಾಮಾಗಿ ನಡೆಯುತ್ತೆ. ಕರೆ ಸಂಜೆ ಏಳರ ಮೇಲೇ ಇರಲಿ, ಫೋನು ಹೊಲದಿಂದ ಮನೆಗೆ ಬಂದಿರುತ್ತೆ. ಶುರು ಮಾಡುವ ಮುಂಚೆ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ತಾಯಂದಿರಿಗೆ ಒಂದು ಮಾತು ಹೇಳಿ ಒಪ್ಪಿಸಿ, ಇಲ್ಲದಿದ್ದರೆ ಗೊತ್ತಿಲ್ಲದ ನಂಬರ್ ಅಂತ ಯಾರೂ ಎತ್ತಲ್ಲ. ಫೋನೇ ಇಲ್ಲದ ನಾಲ್ಕೈದು ಮನೆ ಇರುತ್ತವೆ, ಆ ಮಕ್ಕಳನ್ನು ಆ ಹುಡುಗಿಯರು ತಮ್ಮ ಕಟ್ಟೆಗೇ ಕರೆಸಿಕೊಳ್ಳಲಿ.

ಇಷ್ಟೆಲ್ಲ ಹೇಳಿದ ಮೇಲೂ ಸಂಘದಲ್ಲಿ ಟ್ಯಾಬೇ ಬೇಕು ಅನ್ನೋರು ಇದ್ದೇ ಇರ್ತಾರೆ, ಹಂಚುವಾಗ ಫೋಟೋ ಚೆನ್ನಾಗಿ ಬರುತ್ತಲ್ಲ. ಅವರ ಮಾತಿಗೆ ಒಪ್ಪಲೇಬೇಕಾಗಿ ಬಂದರೆ ಇಪ್ಪತ್ತು ಬೇಡ, ಐದು ತನ್ನಿ. ಜೊತೆಗೆ ಒಂದು ಯುಪಿಎಸ್ಸೂ ಇರಲಿ. ನಮ್ಮ ಶಾಲೆಗೆ ದಾನಿಯೊಬ್ಬರು ಕೊಟ್ಟ ನಾಲ್ಕು ಕಂಪ್ಯೂಟರ್ ಕರೆಂಟಿನ ಏರುಪೇರಿಗೆ ಸುಟ್ಟು, ಈಗ ಅವುಗಳ ಮೇಲೆ ಬಿಸಿಯೂಟದ ತಟ್ಟೆ ಜೋಡಿಸಿಟ್ಟಿದ್ದೇವೆ.