ಮಾಮಾನ್ನ ಕೂರ್ಸೋದಾ, ಹುಡುಗ್ರನ್ನ ಆಡ್ಸೋದಾ?

ಪ್ರಶ್ನೆ: ಸರ, ನಾವು ಗೋವಾದ ವಾಸ್ಕೋದಾಗ ಬೈನಾ ಕಡೆ ಇರೋರು, ಮೂಲ ವಿಜಾಪುರ. ಮಳಿ ನಿಂತ ಮ್ಯಾಲೆ ಇಲ್ಲೊಂದು ಫುಟ್ಬಾಲ್ ಟೂರ್ನಮೆಂಟ್ ಐತ್ರಿ, 18 ಮಂದಿ ಹೆಸರು ಕೊಡಬೇಕು. 35 ದಾಟಿದವ್ರು ಆರು ಮಂದಿ, ಉಳಿದವ್ರೆಲ್ಲಾ ಕಾಲೇಜ್ ಹುಡುಗ್ರು. ಹಳಬ್ರನ್ನ ತಗದ್ ಬಿಡ್ರಿ ಅಂತಾರ ಹುಡುಗ್ರು. ನಮ್ಮ ಸೋದರಮಾವಗ 38, ಜರ್ಸಿ ರೊಕ್ಕ ಅವ್ರೇ ಕೊಟ್ಟಾರ, ಮುಂದ ನಿಂತು ಗೋಲ್ ಹೊಡಿಯೋ ಸ್ಟ್ರೈಕರ್ ಜಾಗಾ ಬಿಡವೊಲ್ರು. ಏನ್ ಮಾಡೋಣ್ರಿ?
ಓದುಗ, ವಾಸ್ಕೋ

ಉತ್ತರ: ಮಾಮಾನ ವಿಷಯಕ್ಕೆ ಆಮೇಲೆ ಬರ್ತೀನಪ್ಪ, ಅದು ಮನೆ ಜಗಳ. ಮೊದಲು ಟೀಮು. ವಯಸ್ಸು ಎಣಿಸ್ಬೇಡಿ, ಯಾರು ಎಲ್ಲಿ ನಿಲ್ತಾರೆ ನೋಡಿ. ಗೋಲಿ ಅಂದ್ರೆ ಗೋಲ್‌ಕೀಪರ್, ಗೋಲ್ ಮುಂದೆ ನಡುವೆ ನಿಂತು ತಡೆಯೋ ಸ್ಟಾಪರ್, ಮೈದಾನದ ನಡುವೆ ಆಡೋ ಹಾಫ್, ಈ ಮೂರು ಕಡೆ ಕಾಲಿಗಿಂತ ಬಾಯಿಗೇ ಕೆಲಸ ಜಾಸ್ತಿ. ನಾನು ಮುಂಬೈನ ಮಾಟುಂಗಾದಲ್ಲಿ ಆಡ್ತಿದ್ದಾಗ ನಮಗೊಬ್ರು ಸ್ಟಾಪರ್ ಇದ್ರು, ಹೊಟ್ಟೆ ಬಂದಿತ್ತು, ಎರಡೂ ಮೊಣಕಾಲಿಗೆ ಕ್ರೇಪ್ ಬ್ಯಾಂಡೇಜು, ಅವ್ರು ಓಡಿದ್ದು ನೋಡಿದ ನೆನಪೇ ಇಲ್ಲ, ಆದ್ರೆ ಬಾಲ್ ಇನ್ನೂ ಆ ಕಡೆ ಹಾಫಲ್ಲಿ ಇರುವಾಗ್ಲೇ 'ಪೀಛೇ ದೇಖ್, ಪೀಛೇ' ಅಂತ ಕಿರಿಚೋಕೆ ಶುರು ಮಾಡೋರು, ಹತ್ತೊಂಬತ್ತರ ನನಗೆ ತಲೆಚಿಟ್ಟು ಹಿಡಿಯೋದು. ಒಂದು ಮ್ಯಾಚಿಗೆ ಅವ್ರಿಗೆ ಡ್ಯೂಟಿ ಬಿತ್ತು, ಹಿಂದೆ ನಾವು ನಾಲ್ಕೂ ಜನ ಹುಡುಗ್ರೇ. ಹಾಫ್ ಟೈಮಿಗೆ ಮೂರು ಗೋಲು, ಮೂರೂ ನಮ್ಮ ಬೆನ್ನ ಹಿಂದಿಂದ.

ನಿಮ್ಮ ಹುಡುಗ್ರು ಇಂಗ್ಲೆಂಡಿನ ಮ್ಯಾಂಚೆಸ್ಟರ್ ಯುನೈಟೆಡ್ ಕ್ಲಬ್ಬಿನ ಕಥೆ ತೆಗೀತಾರೆ, ನೋಡ್ತಿರಿ. 1995ರ ಆಗಸ್ಟಲ್ಲಿ ಆಸ್ಟನ್ ವಿಲ್ಲಾ ಮೇಲೆ 3-1 ಸೋತಾಗ ಈ ಎಳೆ ಹುಡುಗ್ರನ್ನ ಇಟ್ಕೊಂಡು ಏನೂ ಗೆಲ್ಲಕ್ಕಾಗಲ್ಲ ಅಂತ ಹಳೇ ಆಟಗಾರ ಅಲನ್ ಹ್ಯಾನ್ಸನ್ ಟೀವಿಲಿ ಹೇಳ್ಬಿಟ್ಟ, ಅದೇ ಸೀಸನ್ನಲ್ಲಿ ಲೀಗೂ ಬಂತು ಎಫ್‌ಎ ಕಪ್ಪೂ ಬಂತು. ಬೆಕಮ್, ಸ್ಕೋಲ್ಸ್, ಗ್ಯಾರಿ ನೆವಿಲ್, ಬಟ್, ಎಲ್ರಿಗೂ ಆಗ 20. ಸರಿ, ಆದ್ರೆ ಗೋಲಲ್ಲಿ ಯಾರಿದ್ರು? ಪಳಗಿದ ಷ್ಮೈಕಲ್. ಡಿಫೆನ್ಸಲ್ಲಿ 35ರ ಆಸುಪಾಸಿನ ಸ್ಟೀವ್ ಬ್ರೂಸ್. ಅಕ್ಟೋಬರಲ್ಲಿ ಬ್ಯಾನ್ ಮುಗಿಸಿ ಇನ್ನೊಬ್ಬ ಅನುಭವಿ, ಫಾರ್ವರ್ಡ್ ಕಾಂಟೋನಾನೂ ಬಂದ. ಇದನ್ನ ಯಾರೂ ಹೇಳಲ್ಲ.

ಹಾಗಂತ ಆರೂ ಜನ ಹಳಬ್ರನ್ನ ಇಳಿಸ್ಬೇಡಿ ಮತ್ತೆ. 2024ರ ಜೂನಲ್ಲಿ ಇಂಡಿಯಾ ಟೀಮಿಂದ ನಿವೃತ್ತಿ ಆದ ಸ್ಟ್ರೈಕರ್ ಸುನಿಲ್ ಛೆಟ್ರಿನ 2025ರ ಮಾರ್ಚಲ್ಲಿ, 40ನೇ ವಯಸ್ಸಲ್ಲಿ, ವಾಪಸ್ ಕರೆಸಿದ್ರು, ಬಂದೋನು ಮಾಲ್ಡೀವ್ಸ್ ಮೇಲೆ ಗೋಲೂ ಹೊಡ್ದ. ನಾನೂ ಚಪ್ಪಾಳೆ ಹೊಡ್ದೆ, ಆಮೇಲೆ ನಾಚಿಕೆನೂ ಆಯ್ತು, ಇಷ್ಟು ವರ್ಷ ಅವನ ಜಾಗಕ್ಕೆ ಇನ್ನೊಬ್ಬನ್ನ ತಯಾರು ಮಾಡ್ಲಿಲ್ವಲ್ಲ ಅಂತ. ನಿಮ್ಮ ವಿಂಗಲ್ಲಿ ಅಂದ್ರೆ ಅಂಚಲ್ಲಿ, ಹಿಂದೆ ಪಕ್ಕ ಕಾಯೋ ಸೈಡ್ ಬ್ಯಾಕಲ್ಲಿ, ಮುಂದೆ ಹುಡುಗ್ರೇ ಓಡ್ಲಿ, ತಪ್ಪು ಮಾಡ್ಲಿ. ಹನ್ನೊಂದರಲ್ಲಿ ಹಳಬ್ರು ಮೂರೇ ಸಾಕು, ಅದೂ ಹಿಂದಿನ ರಾತ್ರಿ ನೈಟ್ ಶಿಫ್ಟ್ ಇಲ್ದೋರು. ಮಳೆ ನಿಂತ್ಮೇಲೆ ಆ ಕೆಂಪು ನೆಲ ಕಲ್ಲಾಗುತ್ತೆ, ಪ್ರಾಕ್ಟೀಸಲ್ಲಿ ಅವ್ರನ್ನ ದಿನಾ ಓಡಿಸಿದ್ರೆ ಮ್ಯಾಚಿಗೆ ಮಂಡಿ ಹಿಡ್ಕೊಂಡು ಕೂತಿರ್ತಾರೆ.

ಈಗ ಮಾಮಾ. 'ಮಾಮಾ, ಹಿಂದ ಯಾರೂ ಮಾತಾಡೋರಿಲ್ಲ, ನೀವ ನಿಂದರಬೇಕು' ಅಂತ ಹೇಳಿ ಸ್ಟಾಪರ್ ಮಾಡಿ, ಬೇಕಿದ್ರೆ ಕ್ಯಾಪ್ಟನ್ ಪಟ್ಟೀನೂ ಕಟ್ಟಿ. ಸ್ಟ್ರೈಕರಿನ ಒಂಬತ್ತನೇ ನಂಬರ್ ಜರ್ಸಿ ಮಾತ್ರ ವಾಪಸ್ ಕೇಳ್ಬೇಡಿ, ಅದು ಅವ್ರ ಮೈಮೇಲೇ ಇರ್ಲಿ.

ಪ್ರಶ್ನೆ: ನಮ್ಮ ಆಫೀಸಿನ ಅಮೆರಿಕದೋರು ಯಾವಾಗ್ಲೂ ಅವ್ರ ಕೈಯಲ್ಲಿ ಚೆಂಡು ಹಿಡ್ಕೊಂಡು ಓಡೋ ಫುಟ್ಬಾಲಿನ ರೂಕಿಗಳ, ಅಂದ್ರೆ ಮೊದಲ ವರ್ಷದ ಹೊಸಬ್ರ ಬಗ್ಗೆನೇ ಮಾತಾಡ್ತಾರೆ. ಹೊಸಬ್ರು ಅಗ್ಗ ಅಂದ್ರೆ ಬರೀ ಅವ್ರನ್ನೇ ತುಂಬ್ಕೋಬಹುದಲ್ವಾ?
ಓದುಗಿ, ಹಿಂಜವಡಿ, ಪುಣೆ

ಉತ್ತರ: ಅಗ್ಗ ಹೌದಮ್ಮ. ಅಲ್ಲಿ 53 ಜನರ ಟೀಮು, ಒಟ್ಟು ಸಂಬಳಕ್ಕೆ ಮಿತಿ, ಟೀಮುಗಳು ಸರದಿ ಪ್ರಕಾರ ಹೊಸಬ್ರನ್ನ ಆರಿಸ್ಕೊಳ್ಳೋ ಡ್ರಾಫ್ಟಲ್ಲಿ ಬಂದವ್ನ ಮೊದಲ ನಾಲ್ಕು ವರ್ಷದ ಸಂಬಳ ಹೆಚ್ಚುಕಮ್ಮಿ ಮೊದಲೇ ಗೊತ್ತಿರುತ್ತೆ. ಅಲ್ಲಿ ಉಳಿಸಿದ ದುಡ್ಡಲ್ಲಿ ಹಳಬ್ರನ್ನ ಕೊಳ್ಳೋದೇ ಆಟ. 2021ರ ಫೆಬ್ರವರಿಲಿ ಟ್ಯಾಂಪಾ ಬೇ ಟೀಮು ಸೂಪರ್ ಬೌಲ್, ಅಂದ್ರೆ ಅವ್ರ ಲೀಗಿನ ಫೈನಲ್ ಗೆದ್ದಾಗ ಚೆಂಡು ಎಸೆದು ಆಟ ನಡೆಸೋ ಟಾಮ್ ಬ್ರೇಡಿಗೆ 43, ಅವನ ಬಲಗಡೆ ಕಾವಲಿಗೆ ನಿಂತಿದ್ದ ಟ್ರಿಸ್ಟನ್ ವಿರ್ಫ್ಸ್‌ಗೆ 22, ಆ ಸೀಸನ್ನಿನ ರೂಕಿ.