ಬೆರಳಲ್ಲಿ ಬಲ ಕಡಿಮೆ ಇದ್ದರೆ ಸ್ಕ್ರೋಲ್ ಸಾ ಬ್ಲೇಡ್ ಬಿಗಿ ಮಾಡುವುದು ಹೇಗೆ?

ದೇವರ ಮನೆ ಬಾಗಿಲಿಗೆ ಪ್ಲೈವುಡ್ ಜಾಲರಿಯನ್ನು ಸ್ಕ್ರೋಲ್ ಸಾದಲ್ಲಿ, ಅಂದರೆ ತೆಳು ಬ್ಲೇಡ್ ಮೇಲೆ ಕೆಳಗೆ ಆಡುವ ಗರಗಸದ ಯಂತ್ರದಲ್ಲಿ, ಕೊರೆಯುತ್ತಿದ್ದೀರಿ. ಹೆಬ್ಬೆರಳ ಬುಡದಲ್ಲಿ ನೋವು. ಬ್ಲೇಡಿನ ತುದಿ ಹಿಡಿಯುವ ಕ್ಲ್ಯಾಂಪಿನ ತಿರುಪನ್ನು ಎಷ್ಟು ತಿರುಗಿಸಿದರೂ ಬ್ಲೇಡ್ ಕಿತ್ತು ಬರುತ್ತದೆ. ಪ್ಲೈಯರ್ ಹಾಕಿ ಬಿಗಿ ಮಾಡಬಹುದಾ ಅಂತ ಕೇಳಿದ್ದೀರಿ.

ಪ್ಲೈಯರ್ ಬೇಡ ಮೇಡಂ. ತಿರುಪಿನ ತಲೆ ಪ್ಲಾಸ್ಟಿಕ್ ಆಗಿದ್ದರೆ ಒಡೆಯುತ್ತದೆ. ಕ್ಲ್ಯಾಂಪ್ ಅಲ್ಯೂಮಿನಿಯಂ ಆಗಿದ್ದರೆ ಒಳಗಿನ ಥ್ರೆಡ್ಡೇ ಹೋಗುತ್ತದೆ, ಆಮೇಲೆ ಕ್ಲ್ಯಾಂಪನ್ನೇ ಬದಲಾಯಿಸಬೇಕು. ನನಗೂ ಎರಡೂ ಕೈಗೆ ಸಂಧಿವಾತ ಇದೆ. ಆದರೂ ಈ ಕೆಲಸ ಬಿಟ್ಟಿಲ್ಲ. ಬಲ ಸಾಲುತ್ತಿಲ್ಲ ಅನ್ನುವ ಒಂದೇ ಕಾರಣಕ್ಕೆ ಯಾರೂ ಇದನ್ನು ಬಿಡಬಾರದು ಅನ್ನುವುದು ನನ್ನ ಆಸೆ.

ಸುಸ್ಥಿತಿಯಲ್ಲಿರುವ ಕ್ಲ್ಯಾಂಪಿಗೆ ನೀವು ಹೇಳುವಷ್ಟು ಬಲ ಬೇಕಾಗುವುದೇ ಇಲ್ಲ. ಅಷ್ಟು ಬೇಕಾಗುತ್ತಿದೆ ಅಂದರೆ ಬ್ಲೇಡ್ ಜಾರಲು ಬೇರೆ ಕಾರಣ ಇದೆ ಅಂತ. ಮೊದಲು ಅದನ್ನು ಹುಡುಕಿ.

ಹೆಚ್ಚಾಗಿ ಸಿಗುವ ಕಾರಣ ಎಣ್ಣೆ. ಹೊಸ ಬ್ಲೇಡಿಗೆ ತುಕ್ಕು ಹಿಡಿಯದಿರಲಿ ಅಂತ ತೆಳುವಾಗಿ ಎಣ್ಣೆ ಸವರಿರುತ್ತಾರೆ. ಕಣ್ಣಿಗೆ ಕಾಣಿಸುವುದೇ ಇಲ್ಲ. ಮೆಡಿಕಲ್ ಅಂಗಡಿಯ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆಯಿಂದ ಎರಡೂ ತುದಿ ಒರೆಸಿ. ಆಮೇಲೆ 220 ನಂಬರಿನ ಉಪ್ಪುಕಾಗದ ಮಡಚಿ, ಅದರ ನಡುವೆ ತುದಿ ಇಟ್ಟು ಮೆಲ್ಲಗೆ ಎಳೆಯಿರಿ. ಕ್ಲ್ಯಾಂಪ್ ಕಚ್ಚುವಷ್ಟು ಭಾಗ ಸಾಕು. ಬ್ಲೇಡಿನ ಒಂದು ಡಜನ್ ಕಟ್ಟು ತಂದ ದಿನವೇ ಕೂತು ಎಲ್ಲವನ್ನೂ ಒಟ್ಟಿಗೆ ಸಿದ್ಧ ಮಾಡಿಟ್ಟುಕೊಂಡರೆ ಕೆಲಸದ ನಡುವೆ ತಾಪತ್ರಯ ಇರುವುದಿಲ್ಲ. ಇದೊಂದನ್ನೇ ಮಾಡಿ ನೋಡಿ, ಅರ್ಧ ತೊಂದರೆ ಕಡಿಮೆಯಾಗುತ್ತದೆ.

ಇನ್ನೊಂದು ಕಾರಣ ತಿರುಪಿನ ತುದಿ. ಬ್ಲೇಡನ್ನು ಒತ್ತಿ ಹಿಡಿಯುವುದು ಅದೇ. ಬಳಸುತ್ತಾ ಬಳಸುತ್ತಾ ಅದು ಸವೆದು ನುಣ್ಣಗೆ ಹೊಳೆಯತೊಡಗುತ್ತದೆ, ಇಲ್ಲವೇ ಬ್ಲೇಡ್ ಕೂತ ಜಾಗದಲ್ಲಿ ಸಣ್ಣ ಗೀರು ಬೀಳುತ್ತದೆ. ಅಂಥ ತುದಿ ಎಷ್ಟು ಒತ್ತಿದರೂ ಬ್ಲೇಡನ್ನು ಸರಿಯಾಗಿ ಹಿಡಿಯುವುದಿಲ್ಲ. ತಿರುಪನ್ನು ಪೂರ್ತಿ ಬಿಚ್ಚಿ ತೆಗೆಯಿರಿ. ತುದಿಯನ್ನು ಸಣ್ಣ ಅರದಿಂದ ಉಜ್ಜಿ ಮತ್ತೆ ಚಪ್ಪಟೆ ಮಾಡಿ. ಹೊಳಪು ಹೋಗಿ ಸ್ವಲ್ಪ ಒರಟಾಗಬೇಕು. ಹಲವು ಯಂತ್ರಗಳಲ್ಲಿ ಎದುರು ಬದಿಯಲ್ಲೂ ಒಂದು ಸಣ್ಣ ತಿರುಪು ಇರುತ್ತದೆ, ಅದರ ತುದಿಯನ್ನೂ ನೋಡಿ. ಎರಡರ ನಡುವೆ ಬ್ಲೇಡ್ ನೆಟ್ಟಗೆ ನಿಲ್ಲುವ ಹಾಗೆ ಅದನ್ನು ಒಮ್ಮೆ ಹೊಂದಿಸಿದರೆ ಆಮೇಲೆ ಮುಟ್ಟುವ ಅಗತ್ಯ ಇಲ್ಲ. ತಿರುಪಿನ ಥ್ರೆಡ್ಡಿಗೆ ಒಂದೇ ಒಂದು ತೊಟ್ಟು ಎಣ್ಣೆ ಹಾಕಿ, ಹಗುರವಾಗಿ ತಿರುಗುತ್ತದೆ. ತುದಿಗೆ ಮಾತ್ರ ಎಣ್ಣೆ ತಾಗಬಾರದು.

ಬ್ಲೇಡ್ ಹಾಕುವಾಗ ಟೆನ್ಷನ್ ಲಿವರ್ (ಬ್ಲೇಡನ್ನು ಎಳೆದು ಬಿಗಿಯಾಗಿ ನಿಲ್ಲಿಸುವ ಹಿಡಿ) ಪೂರ್ತಿ ಸಡಿಲ ಇರಬೇಕು, ಪ್ಲಗ್ ತೆಗೆದಿರಬೇಕು. ಬ್ಲೇಡ್ ಕ್ಲ್ಯಾಂಪಿನ ತಳ ಮುಟ್ಟುವವರೆಗೂ ಒಳಗೆ ಹೋಗಲಿ. ತುದಿಯಷ್ಟೇ ಕಚ್ಚಿಕೊಂಡಿದ್ದರೆ ಕಿತ್ತು ಬರುವುದು ಖಂಡಿತ.

ಈಗ ಕೈ ವಿಷಯಕ್ಕೆ ಬರೋಣ. ಹೆಬ್ಬೆರಳು, ತೋರುಬೆರಳು ಸೇರಿಸಿ ಚಿವುಟುವ ಹಾಗೆ ಹಿಡಿದಾಗ ಬೆರಳ ತುದಿಯಲ್ಲಿ ಬೀಳುವ ಒತ್ತಡ ಹೆಬ್ಬೆರಳ ಬುಡದ ಕೀಲಿನಲ್ಲಿ ಹತ್ತು ಪಟ್ಟಿಗಿಂತಲೂ ಜಾಸ್ತಿಯಾಗುತ್ತದೆ. ನಿಮಗೆ ನೋವಿರುವುದೂ ಅಲ್ಲೇ ಅಲ್ವಾ? ಹಾಗಾಗಿ ಚಿವುಟಿ ತಿರುಗಿಸುವುದನ್ನೇ ನಿಲ್ಲಿಸಬೇಕು. ಮುಷ್ಟಿಯಲ್ಲಿ ಹಿಡಿದು ಮೊಣಕೈಯಿಂದ ತಿರುಗಿಸುವ ಹಾಗಾಗಬೇಕು.

ಅದಕ್ಕೆ ಬೇಕಾಗಿರುವುದು ಉದ್ದದ ಹಿಡಿ. ತಿರುಪಿನ ತಲೆ 20 ಮಿ.ಮೀ. ಅಗಲ ಇದ್ದರೆ ನಿಮ್ಮ ಬೆರಳು ನಡುವಿನಿಂದ 10 ಮಿ.ಮೀ. ದೂರದಲ್ಲಿ ಕೆಲಸ ಮಾಡುತ್ತದೆ. ಆ ದೂರವನ್ನೇ 50 ಮಿ.ಮೀ. ಮಾಡಿದರೆ ಐದನೇ ಒಂದು ಭಾಗ ಬಲ ಸಾಕು. ಅಂಥ ಹಿಡಿಯನ್ನು ನಿಮ್ಮ ಯಂತ್ರದಲ್ಲೇ ಕೊರೆದುಕೊಳ್ಳಬಹುದು. 12 ಮಿ.ಮೀ. ಪ್ಲೈವುಡ್ ತುಂಡಿನ ಮೇಲೆ ತಿರುಪಿನ ತಲೆ ಇಟ್ಟು ಪೆನ್ಸಿಲಿನಿಂದ ಸುತ್ತ ಗೆರೆ ಎಳೆಯಿರಿ. ಆ ಆಕಾರವನ್ನು ಕೊರೆದು ತೆಗೆದು, ಎರಡೂ ಬದಿಗೆ ಚಾಚುವ ಹಾಗೆ ಹಿಡಿ ಬಿಡಿ. ತಲೆಗೆ ರೆಕ್ಕೆ ಅಥವಾ ಹಲ್ಲು ಇದ್ದರೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ. ಪೂರ್ತಿ ದುಂಡಗಿದ್ದರೆ ಜಾರುತ್ತದೆ, ಆಗ ಪಂಚರ್ ಅಂಗಡಿಯಿಂದ ಹಳೇ ಸೈಕಲ್ ಟ್ಯೂಬಿನ ಪಟ್ಟಿ ತಂದು ಒಳಗೆ ಅಂಟಿಸಿ.

ನನಗೆ ಇದಕ್ಕಿಂತ ಇಷ್ಟವಾಗಿರುವುದು ಅಲೆನ್ ಬೋಲ್ಟ್, ಅಂದರೆ ತಲೆಯಲ್ಲಿ ಆರು ಮೂಲೆಯ ಕುಳಿ ಇರುವ ಬೋಲ್ಟ್. ಹಳೇ ತಿರುಪನ್ನು ಹಾರ್ಡ್‌ವೇರ್ ಅಂಗಡಿಗೆ ಒಯ್ದು ಅದೇ ಥ್ರೆಡ್, ಅದೇ ಉದ್ದದ ಅಲೆನ್ ಬೋಲ್ಟ್ ಕೇಳಿ. ಅಂಗಡಿಯಲ್ಲೇ ನಟ್ಟಿಗೆ ಹಾಕಿ ನೋಡಿ, ಅಂದಾಜಿನ ಮೇಲೆ ತರಬೇಡಿ. ತುದಿ ಚಪ್ಪಟೆ ಇರಲಿ. ಜೊತೆಗೆ ಟಿ ಹಿಡಿ ಇರುವ ಅಲೆನ್ ಕೀ ತನ್ನಿ. ಸಾದಾ ಎಲ್ ಆಕಾರದ್ದು ಅಂಗೈಗೆ ಒತ್ತುತ್ತದೆ. ಮೇಜಿನ ಕೆಳಗಿನ ಕ್ಲ್ಯಾಂಪಿಗಂತೂ ಕೈ ತೂರಿಸಿ ಚಿವುಟುವುದಕ್ಕಿಂತ ಇದು ಎಷ್ಟೋ ಸಲೀಸು. ಆದರೆ ಉದ್ದದ ಹಿಡಿ ಇದ್ದಾಗ ಎಷ್ಟು ಬಿಗಿಯಾಯಿತು ಅನ್ನುವುದು ಕೈಗೆ ಗೊತ್ತಾಗುವುದಿಲ್ಲ. ತಿರುಪು ಬ್ಲೇಡಿಗೆ ತಾಗಿದ ಮೇಲೆ ಸ್ವಲ್ಪವೇ ತಿರುಗಿಸಿ ನಿಲ್ಲಿಸಿ. ಟೆನ್ಷನ್ ಕೊಟ್ಟು ಬ್ಲೇಡನ್ನು ಬೆರಳಿನಿಂದ ಮೀಟಿ. ಟಿಂಗ್ ಅಂದರೆ ಸಾಕು. ಕೀಯನ್ನು ತೆಗೆದಿಟ್ಟ ಮೇಲೆಯೇ ಸ್ವಿಚ್ ಹಾಕಿ.

ನಿಮ್ಮದು 16 ಇಂಚಿನ ಅಗ್ಗದ ಯಂತ್ರವಾಗಿದ್ದರೆ, ಪಿನ್ (ಬ್ಲೇಡಿನ ತುದಿಯಲ್ಲಿ ಅಡ್ಡಕ್ಕೆ ಇರುವ ಸಣ್ಣ ಕಡ್ಡಿ) ಇಲ್ಲದ ಬ್ಲೇಡಿಗೆ ಬಿಡಿ ಹೋಲ್ಡರ್ ಕೊಟ್ಟಿರಬಹುದು. ಕೆಳಗಿನ ಹೋಲ್ಡರನ್ನು ಹೊರಗೆ ತೆಗೆದು ಬೆಂಚ್ ವೈಸ್‌ಗೆ ಕಚ್ಚಿಸಿ, ಆರಾಮವಾಗಿ ಕೂತು ಬಿಗಿ ಮಾಡಿ ತಂದು ಸಿಕ್ಕಿಸಿ.

ಜಾಲರಿ ಅಂದರೆ ಪ್ರತಿ ತೂತಿಗೂ ಬ್ಲೇಡ್ ಬಿಚ್ಚಬೇಕು, ಕೈ ಸೋಲುವುದು ಅಲ್ಲೇ. ಕೆಳಗಿನ ಕ್ಲ್ಯಾಂಪನ್ನು ಮುಟ್ಟಲೇಬೇಡಿ. ಮೇಲಿನದ್ದನ್ನು ಮಾತ್ರ ಸಡಿಲಿಸಿ, ಹಲಗೆಯ ತೂತನ್ನು ನಿಂತಿರುವ ಬ್ಲೇಡಿನ ಮೇಲಿಂದ ಇಳಿಸಿ, ಮತ್ತೆ ಮೇಲೆ ಬಿಗಿ ಮಾಡಿ. ಕೆಲಸ ಅರ್ಧಕ್ಕೆ ಇಳಿಯುತ್ತದೆ. ಮೇಲಿನ ತೋಳು ಎತ್ತಲು ಬರುವ ಯಂತ್ರವಾದರೆ ಇನ್ನೂ ಸುಲಭ.

ಪಿನ್ ಇರುವ ಬ್ಲೇಡಿಗೆ ತಿರುಪೇ ಬೇಡ, ಕೊಕ್ಕೆಗೆ ಸಿಕ್ಕಿಸಿದರೆ ಆಯಿತು. ಆದರೆ ಪಿನ್ ತೂರಲು ಸುಮಾರು 5 ಮಿ.ಮೀ. ತೂತು ಬೇಕು. ನಿಮ್ಮ ಜಾಲರಿಯ ದೊಡ್ಡ ಕಿಂಡಿಗಳಿಗೆ ಅದು ನಡೆಯುತ್ತದೆ, ಹೂವಿನ ಎಸಳಿನಂಥ ಸಣ್ಣ ಕಿಂಡಿಗಳಿಗೆ ಆಗುವುದಿಲ್ಲ. ದೊಡ್ಡವನ್ನೆಲ್ಲ ಪಿನ್ ಬ್ಲೇಡಿನಲ್ಲಿ ಮುಗಿಸಿ, ಸಣ್ಣವನ್ನು ಮಾತ್ರ ಪಿನ್ ಇಲ್ಲದ ಬ್ಲೇಡಿಗೆ ಉಳಿಸಿಕೊಳ್ಳಿ.

ಮುಂದೆ ಯಂತ್ರ ಬದಲಾಯಿಸುವ ಯೋಚನೆ ಇದ್ದರೆ ತಿರುಪಿನ ಬದಲು ಲಿವರ್ ಒತ್ತಿ ಬಿಗಿಯಾಗುವ ಕ್ಲ್ಯಾಂಪ್ ಇರುವುದನ್ನೇ ನೋಡಿ. ಅಂಗಡಿಯಲ್ಲಿ ಅವರು ಬ್ಲೇಡ್ ಹಾಕಿ ತೋರಿಸಿದರೆ ಸಾಲದು. ನೀವೇ ನಿಮ್ಮ ಕೈಯಿಂದ, ಮೇಲೂ ಕೆಳಗೂ, ಹಾಕಿ ತೆಗೆದು ನೋಡಿ.

ಮತ್ತೊಂದು ಮಾತು. ಬೆಳಗ್ಗೆ ಎದ್ದಾಗ ಬೆರಳು ಬಿಗಿಯುತ್ತದೆ ಅಂತಾದರೆ ಆ ಹೊತ್ತಿನಲ್ಲಿ ಬ್ಲೇಡ್ ಬದಲಾಯಿಸುವ ಕೆಲಸ ಇಟ್ಟುಕೊಳ್ಳಬೇಡಿ. ನಾನು ಬೆಳಗ್ಗೆ ನಕ್ಷೆ ಅಂಟಿಸುವುದು, ತೂತು ಗುರುತು ಹಾಕುವುದು ಮಾಡುತ್ತೇನೆ, ಕೊರೆಯುವುದು ಮಧ್ಯಾಹ್ನ. ನೋವು ಹೆಚ್ಚಾಗುತ್ತಲೇ ಇದ್ದರೆ ಡಾಕ್ಟರಿಗೆ ತೋರಿಸಿ, ಹೆಬ್ಬೆರಳಿಗೆ ಹಾಕುವ ಸ್ಪ್ಲಿಂಟ್ ಬಗ್ಗೆಯೂ ಕೇಳಿ. ನಿಮ್ಮ ಯಂತ್ರದ ಮೇಲಿನ ಮತ್ತು ಕೆಳಗಿನ ಕ್ಲ್ಯಾಂಪಿನ ಫೋಟೋ ಹಾಕಿದರೆ ಯಾವ ಹಿಡಿ ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.